ದುರಾಸೆ: ಹುಟ್ಟುಗುಣವೇ, ಸಮಾಜದ ಕೊಡುಗೆಯೇ?

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕಣ್ಣೂರಿನತ್ತ ಇಳಿಯುವ ಘಟ್ಟದ ರಸ್ತೆಯು ದಟ್ಟ ಕಾಡಿನ ನಡುವೆ ಸಾಗಿ, ಮಾಕುಟ್ಟದಲ್ಲಿ ಕರ್ನಾಟಕದ ಗಡಿಯನ್ನು ಮುಟ್ಟುತ್ತದೆ. ಅಲ್ಲೊಂದು ಚೆಕ್‌ಪೋಸ್ಟ್ ಇದೆ. ಪ್ರಿಯ ಓದುಗರೇ, ಕಾಡಿನ ದಾರಿಗೆ ಇಂತಹ ಗೇಟು ಏಕೆ ಬೇಕಾಯಿತು ಎಂದು ಆಲೋಚಿಸಿದ್ದೀರಾ? ತನ್ನದಲ್ಲದ ಮರವನ್ನು ಕಡಿದು ಸಾಗಿಸುವ ಮನುಷ್ಯರು ಇದ್ದಾರೆ ಎಂಬುದೂ ಅದಕ್ಕೆ ಒಂದು ಕಾರಣ ತಾನೇ? ಹಾಗಾದರೆ ಆ ಮನುಷ್ಯನು ದುರಾಸೆಯನ್ನು ತಾಯಿಯ ಗರ್ಭದಿಂದಲೇ ಹೊತ್ತು ತಂದನೇ ಅಥವಾ ಸಮಾಜವು ಅದನ್ನು ಅವನಿಗೆ ಕಲಿಸಿತೇ?

ಈ ಪ್ರಶ್ನೆ ಹಳೆಯದು. 1651ರಲ್ಲಿ ಇಂಗ್ಲೆಂಡಿನ ಚಿಂತಕ ಥಾಮಸ್ ಹಾಬ್ಸ್, ಆಳುವ ಶಕ್ತಿಯೊಂದು ಇಲ್ಲದಿದ್ದರೆ ಮನುಷ್ಯರು ಪರಸ್ಪರ ಕಾದಾಡುತ್ತಲೇ ಇರುವರೆಂದು ವಾದಿಸಿದನು. 1755ರಲ್ಲಿ ರೂಸೋ ಇದಕ್ಕೆ ವ್ಯತಿರಿಕ್ತವಾಗಿ, ಮನುಷ್ಯನು ಸ್ವಭಾವತಃ ಕೆಟ್ಟವನಲ್ಲ, ನೆಲಕ್ಕೆ ಬೇಲಿ ಹಾಕಿ ತನ್ನದೆನ್ನಲು ಕಲಿಸಿದ ಸಮಾಜವೇ ಅವನನ್ನು ಕೆಡಿಸಿತು ಎಂದನು. ಎರಡು ವಾದಗಳಲ್ಲೂ ಸತ್ಯದ ಅಂಶವಿದೆ. ಆದರೆ ಎರಡರಲ್ಲೂ ತಪ್ಪಿತಸ್ಥನಿಗೆ ಒಂದು ನೆಪವೂ ಸಿಗುತ್ತದೆ. ಒಬ್ಬನು, "ನನ್ನ ಗುಣವೇ ಹೀಗೆ, ಏನು ಮಾಡಲಿ?" ಎನ್ನುತ್ತಾನೆ. ಇನ್ನೊಬ್ಬನು, "ಕಾಲವೇ ಹೀಗೆ, ಎಲ್ಲರೂ ಮಾಡುತ್ತಾರೆ" ಎನ್ನುತ್ತಾನೆ. ಮಗನ ಮದುವೆಗೆ ವರದಕ್ಷಿಣೆ ಕೇಳುವಾಗ ನಮ್ಮ ಮನೆಗಳಲ್ಲಿ ಕೇಳಿಬರುವುದೂ ಇದೇ ಮಾತು: "ನಮಗೇನೂ ಬೇಡ, ಆದರೆ ನಾಲ್ಕು ಜನ ಏನೆಂದಾರು?" ಹೀಗೆ ದುರಾಸೆ ಎಲ್ಲರಲ್ಲೂ ಇದೆ, ಅದರ ಹೊಣೆ ಮಾತ್ರ ಯಾರದೂ ಅಲ್ಲ!

ಪವಿತ್ರ ಕುರ್‌ಆನ್ ಈ ನೆಪಗಳೆರಡನ್ನೂ ಒಪ್ಪುವುದಿಲ್ಲ. ಮನುಷ್ಯನ ಸೃಷ್ಟಿಯಲ್ಲೇ ಒಂದು ಚಡಪಡಿಕೆ ಇದೆ, ಸಂಕಟ ಬಂದಾಗ ಅವನು ಕಂಗೆಡುತ್ತಾನೆ, ಸಂಪತ್ತು ಬಂದಾಗ ಮುಷ್ಟಿ ಬಿಗಿಯುತ್ತಾನೆ ಎಂಬ ಆಶಯವನ್ನು ಅಲ್‌ಮಆರಿಜ್ ಅಧ್ಯಾಯವು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ನಮಾಝನ್ನು ಬಿಡದೆ ಪಾಲಿಸುವವರು, ತಮ್ಮ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ನಿಶ್ಚಿತ ಹಕ್ಕಿದೆಯೆಂದು ತಿಳಿದವರು ಇದಕ್ಕೆ ಹೊರತು ಎಂದು ಕೂಡಲೇ ಹೇಳುತ್ತದೆ. ಬೀಜ ಹುಟ್ಟಿನಿಂದಲೇ ಇದೆ, ಆದರೆ ಅದು ಹೆಮ್ಮರವಾಗಲೇಬೇಕೆಂಬ ವಿಧಿಯಿಲ್ಲ ಎಂದಲ್ಲವೇ ಇದರ ಅರ್ಥ? ನಾಳೆಯ ಚಿಂತೆ, ಮಕ್ಕಳ ಮೇಲಿನ ಪ್ರೀತಿ, ಹಸಿವಿನ ಭಯ ಇವೆಲ್ಲ ಪಾಪವಲ್ಲ. ಇವಿಲ್ಲದಿದ್ದರೆ ಯಾರೂ ಗದ್ದೆ ಉಳುತ್ತಿರಲಿಲ್ಲ, ಮನೆ ಕಟ್ಟುತ್ತಿರಲಿಲ್ಲ. ಒಲೆಯೊಳಗಿದ್ದರೆ ಅನ್ನ ಬೇಯಿಸುವ ಬೆಂಕಿಯೇ ಒಲೆ ದಾಟಿದರೆ ಮನೆಯನ್ನು ಸುಡುತ್ತದೆ.

ಈ ಬೆಂಕಿ ಒಲೆಯನ್ನು ಹೇಗೆ ದಾಟುತ್ತದೆ ಎಂಬುದಕ್ಕೆ ಕೊಡಗಿನಲ್ಲೇ ಒಂದು ಸಾಕ್ಷ್ಯವಿದೆ. ಕೊಡಗಿನ ಊರುಗಳಲ್ಲಿ ದೇವರಕಾಡುಗಳಿವೆ. ನಂಬಿಕೆಯ ವಿಷಯದಲ್ಲಿ ನಮ್ಮ ದಾರಿ ಬೇರೆ. ಆದರೂ ಪಾಠವನ್ನು ಎಲ್ಲಿದ್ದರೂ ಕಲಿಯಬೇಕು. ಇದು ಊರಿನ ಸೊತ್ತು, ಇಲ್ಲಿ ಕೊಡಲಿ ಹಾಕಬಾರದು ಎಂಬ ಕಟ್ಟುಪಾಡಿನಿಂದ ತಲೆಮಾರುಗಳ ಕಾಲ ಆ ಕಾಡುಗಳು ಉಳಿದವು. ದಾಖಲೆಗಳ ಪ್ರಕಾರ 1905ರಲ್ಲಿ 6,277 ಹೆಕ್ಟೇರ್ ಇದ್ದ ದೇವರಕಾಡುಗಳು 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿದ್ದವು. ಉಳಿದ ನೆಲದಲ್ಲಿ ಬಹಳಷ್ಟು ಒತ್ತುವರಿಯಾಗಿ ತೋಟವೋ ಮನೆಯೋ ಆಯಿತು. ಈ ಎಂಬತ್ತು ವರ್ಷಗಳಲ್ಲಿ ಮನುಷ್ಯನ ಹೃದಯ ಬದಲಾಯಿತೇ? ಇಲ್ಲ. ಅಜ್ಜನ ಎದೆಯಲ್ಲಿದ್ದ ಆಸೆಯೇ ಮೊಮ್ಮಗನ ಎದೆಯಲ್ಲೂ ಇತ್ತು. ಬದಲಾದದ್ದು ನೆಲದ ಬೆಲೆ, ಸಡಿಲವಾದದ್ದು ಊರಿನ ಕಾವಲು. ಒಳಗಿನ ಭಯ ಕರಗಿತು, ಹೊರಗಿನ ಬೇಲಿ ಮುರಿಯಿತು. ಎರಡೂ ಒಟ್ಟಿಗೆ ಹೋದಾಗ ಕೊಡಲಿಗೆ ಅಡ್ಡಿಯೇನು ಉಳಿಯಿತು?

ಆದ್ದರಿಂದಲೇ ಇಸ್ಲಾಮ್ ಎರಡು ಕಾವಲುಗಳನ್ನು ನಿಲ್ಲಿಸಿತು. ಹೃದಯದೊಳಗೆ ತಕ್ವಾ, ಸಮಾಜದಲ್ಲಿ ನ್ಯಾಯದ ವ್ಯವಸ್ಥೆ. ಝಕಾತ್ ಕಡ್ಡಾಯವಾಯಿತು, ಬಡ್ಡಿ ನಿಷಿದ್ಧವಾಯಿತು, ಬೆಲೆಯೇರಿಸಲು ಧಾನ್ಯ ಕೂಡಿಡುವುದು ಪಾಪವಾಯಿತು. ಪ್ರವಾದಿವರ್ಯರು(ಸ) ಮದೀನಾದ ಸಮೀಪದ ಹುಲ್ಲುಗಾವಲೊಂದನ್ನು 'ಹಿಮಾ' ಅಂದರೆ ಸಾರ್ವಜನಿಕ ಹಿತಕ್ಕಾಗಿ ಕಾಯ್ದಿಟ್ಟ ನೆಲವೆಂದು ಘೋಷಿಸಿದ್ದರು.

ಹಝ್ರತ್ ಉಮರ್(ರ) ಅವರ ಆಡಳಿತದಲ್ಲಿ ಇಂತಹ ಹಿಮಾವೊಂದರ ಕಾವಲಿಗೆ ಹುನೈ ಎಂಬವರನ್ನು ನೇಮಿಸಲಾಯಿತು. ಉಮರ್(ರ) ಅವರಿಗೆ ಕೊಟ್ಟ ಆದೇಶವು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಅದರ ಸಾರಾಂಶ ಇಷ್ಟು: ಕೆಲವೇ ಒಂಟೆ, ಕೆಲವೇ ಕುರಿಗಳಿರುವ ಬಡವನನ್ನು ಒಳಗೆ ಬಿಡು. ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್‌ರ ಜಾನುವಾರುಗಳನ್ನು ಬಿಡಬೇಡ. ಅವರ ಜಾನುವಾರುಗಳು ಸತ್ತರೂ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನಿಗೆ ಬೇರೇನಿದೆ?

ಇಲ್ಲಿ ಸ್ವಲ್ಪ ನಿಂತು ಆಲೋಚಿಸಿ. ಆ ಇಬ್ಬರು ಸಹಾಬಿಗಳು(ರ) ಜಿಪುಣರಾಗಿದ್ದರೇ? ಖಂಡಿತ ಅಲ್ಲ. ದಾನಧರ್ಮದಲ್ಲಿ ಅವರಿಗೆ ಸಾಟಿಯಾಗುವವರು ವಿರಳ. ಆದರೂ ಗೇಟಿನಲ್ಲಿ ಅವರಿಗೆ ರಿಯಾಯಿತಿ ಸಿಗಲಿಲ್ಲ. ಒಳ್ಳೆಯವರನ್ನೂ ಸಾಮಾನ್ಯ ನಿಯಮದ ಆಚೆಗೆ ಬಿಡಬಾರದು, ಏಕೆಂದರೆ ಇಂದು ಒಳ್ಳೆಯವನಿಗೆ ತೆರೆದ ಬಾಗಿಲಿನಿಂದ ನಾಳೆ ಯಾರು ಬೇಕಾದರೂ ನುಗ್ಗಬಹುದು. ಹಾಗೆಯೇ, ಬರೀ ಗೇಟಿನಿಂದಲೂ ಕೆಲಸವಾಗದು. ಕಾವಲುಗಾರನ ಕೈಗೆ ಹಣ ತುರುಕಿದರೆ ಗೇಟು ತೆರೆದುಕೊಳ್ಳುತ್ತದೆ. ಕೊಡುವವನಲ್ಲೂ ಪಡೆಯುವವನಲ್ಲೂ ಅಲ್ಲಾಹನ ಭಯವಿಲ್ಲದಿದ್ದರೆ ಕಾನೂನು ಬರೀ ಮರದ ತುಂಡು.

ಕೊಡುವ ಗುಣವೂ ಇದೇ ಮನುಷ್ಯನಲ್ಲಿದೆ ಎಂಬುದನ್ನು ಮರೆಯಬಾರದು. 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದವು, ಮಾಕುಟ್ಟದ ರಸ್ತೆಯೂ ಮುಚ್ಚಿತು. ಆ ಆಗಸ್ಟಿನಲ್ಲಿ ಮನೆ ಕಳೆದುಕೊಂಡವರಿಗಾಗಿ ನಾಡಿನ ಮೂಲೆಮೂಲೆಗಳಿಂದ ಅಕ್ಕಿ, ಬಟ್ಟೆ, ಕಂಬಳಿಗಳು ಬಂದವು. ಯಾರೂ ಜಾತಿ ಕೇಳಿ ಕಳುಹಿಸಿದ್ದಲ್ಲ. ದುರಾಸೆ ಮಾತ್ರವೇ ಮನುಷ್ಯನ ಸ್ವಭಾವವಾಗಿದ್ದರೆ ಆ ಕಂಬಳಿಗಳು ಎಲ್ಲಿಂದ ಬಂದವು?

ಸಹೋದರ ಸಹೋದರಿಯರೇ, ಸಮಾಜ ಎಂದರೆ ಬೇರೆ ಯಾರೋ ಅಲ್ಲ. ಕದ್ದ ಮರದ ಬಾಗಿಲನ್ನು ನೋಡಿ "ಎಷ್ಟು ಚೆಂದ!" ಎನ್ನುವ ನಾವೇ ಸಮಾಜ. ಹಣ ಬಂದ ದಾರಿಯನ್ನು ಕೇಳದೆ ಹಣವಂತನಿಗೆ ಮುಂದಿನ ಕುರ್ಚಿ ಕೊಡುವವರೂ ನಾವೇ. ಮಗುವಿಗೆ ಹಂಚಿ ತಿನ್ನಲು ಕಲಿಸುವ ಬದಲು ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವವರೂ ನಾವೇ. ಬೀಜ ನಮ್ಮೊಳಗಿದೆ ಎಂಬುದು ಸತ್ಯ. ನೀರೆರೆಯುವ ಕೈಯೂ ನಮ್ಮದೇ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ವಿಚಾರಣೆಯಾಗುವುದು ಬೀಜದ ಬಗ್ಗೆ ಅಲ್ಲ, ಆ ಕೈಯ ಬಗ್ಗೆ. ಇಂದು ಮನೆಯಲ್ಲಿ ಲೆಕ್ಕಕ್ಕೆ ಕುಳಿತಾಗ, ನನ್ನ ಬಳಿ ಇರುವುದರಲ್ಲಿ ಯಾರ ಹಕ್ಕು ಉಳಿದಿದೆ ಎಂದು ಒಮ್ಮೆ ಕೇಳಿಕೊಳ್ಳೋಣ. ಕೇಳುವ ಧೈರ್ಯವನ್ನೂ ಕೊಡುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ.