ಸೀಳುಹಲ್ಲು, ತಬ್ಬಿದ ಎಲೆ

ಮಲೆನಾಡಿನ ಮನೆಗಳ ಹಿಂದೆ ಒಂದು ಧರೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ಇರುತ್ತದೆ. ಆಷಾಢದ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಆ ಕೆಂಪು ಮಣ್ಣು ಹಸಿರಾಗುತ್ತದೆ. ನಾವದನ್ನು ‘ಪಾಚಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಕಳೆದ ಮಳೆಗಾಲ ಭೂತಗನ್ನಡಿ ಹಿಡಿದು ಧರೆಯ ನೆರಳಿನ ಮೂಲೆಯನ್ನು ನೋಡಿದೆ. ಅರ್ಧ ಸೆಂಟಿಮೀಟರ್ ಎತ್ತರವೂ ಇಲ್ಲದ ಗಿಡಗಳು. ಕಾಂಡದ ಎರಡು ಬದಿಗೂ ಎಲೆ, ಥೇಟ್ ಹಕ್ಕಿಯ ಗರಿ. ಅದು ಫಿಸಿಡೆನ್ಸ್ ಎಂಬ ಹಾವಸೆ.

ಲ್ಯಾಟಿನ್ನಿನ ಈ ಹೆಸರಿಗೆ ಸೀಳುಹಲ್ಲು ಎಂದರ್ಥ. ಇಟ್ಟವರು ಲೀಪ್‌ಜಿಗ್‌ನ ವೈದ್ಯ ಯೋಹಾನ್ ಹೆಡ್ವಿಗ್. ಅವರು 1799ರಲ್ಲಿ ತೀರಿಕೊಂಡರು. 1801ರಲ್ಲಿ ಹೊರಬಂದ ಅವರ ಗ್ರಂಥವೇ ಇಂದಿಗೂ ಹಾವಸೆಗಳ ಹೆಸರಿಗೆ ತಳಹದಿ. ಬೀಜಕಗಳನ್ನು ತುಂಬಿಕೊಂಡ ಪುಟ್ಟ ಕುಡಿಕೆಯ ಬಾಯಲ್ಲಿ 16 ಹಲ್ಲುಗಳು, ಪ್ರತಿಯೊಂದರ ತುದಿಯೂ ಎರಡಾಗಿ ಸೀಳಿರುವುದನ್ನು ಅವರು ಗುರುತಿಸಿದ್ದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಲ್ಲಲ್ಲ, ಎಲೆ. ಪ್ರತಿ ಎಲೆಯ ಬುಡ ಎರಡು ಪದರವಾಗಿ ತೆರೆದು ಜೇಬಿನಂತಾಗುತ್ತದೆ. ಆ ಜೇಬು ಕಾಂಡವನ್ನೂ ಮೇಲಿನ ಎಲೆಯ ಬುಡವನ್ನೂ ತಬ್ಬಿಕೊಂಡಿರುತ್ತದೆ. ಈ ಕುಲದಲ್ಲಿ ಸುಮಾರು 440 ಪ್ರಭೇದಗಳಿವೆ. ಟ್ಯಾಕ್ಸಿಫೋಲಿಯಸ್ ಒದ್ದೆ ಮಣ್ಣಿನದು, ಫಾಂಟಾನಸ್ ನೀರೊಳಗಿನದು, ಇನ್ನು ಕೆಲವು ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ. ನೆಲೆ ಯಾವುದಾದರೇನು, ಕುಲದ ಗುರುತು ಈ ಜೇಬೇ. ಆದರೂ ಹೆಸರು ಬಂದದ್ದು ಸೀಳಿನಿಂದ.

ಮನುಷ್ಯರಿಗೂ ನಾವು ಹೀಗೆಯೇ ಹೆಸರಿಡುತ್ತೇವೆ. ಊರಲ್ಲೊಬ್ಬರನ್ನು ‘ಪಾಲು ಕೇಳಿ ಮನೆ ಒಡೆದವರು’ ಎಂದೇ ನಾನು ಮೂವತ್ತು ವರ್ಷ ತಿಳಿದಿದ್ದೆ. ಹಾಸಿಗೆ ಹಿಡಿದ ತಾಯಿಗೆ ಕೊನೆಯ ಆರು ವರ್ಷ ದಿನಾ ಗಂಜಿ ಕುಡಿಸಿದವರೂ ಅವರೇ ಎಂಬುದು ಅವರ ತಿಥಿಯ ದಿನ ತಿಳಿಯಿತು. ಬದುಕಿದ್ದಾಗ ಒಮ್ಮೆಯೂ ಅವರ ಜಗಲಿ ಹತ್ತಿರಲಿಲ್ಲ. ಆ ನೋವು ಈಗಲೂ ಇದೆ.

ಸೀಳು ಸುಳ್ಳೆಂದು ನಾನು ಹೇಳುವುದಿಲ್ಲ. ಗಾಳಿಯ ತೇವಕ್ಕೆ ತಕ್ಕಂತೆ ಬಾಗಿ, ಚಾಚಿ, ಬೀಜಕಗಳು ಹೊರಬೀಳಲು ನೆರವಾಗುವುದು ಆ ಸೀಳುಹಲ್ಲುಗಳೇ. ಪಾಲಾದ ಮನೆಯಿಂದಲೂ ಹೊಸ ಒಲೆ ಹೊತ್ತುತ್ತದೆ. ಆದರೆ ಗಿಡದಲ್ಲಿ ದಿನದಿನವೂ ಕಾಣುವುದು ಎಲೆ ಎಲೆಯನ್ನು ಹಿಡಿದುಕೊಂಡ ಪರಿ. ಬೇಸಿಗೆಯಲ್ಲಿ ಒಣಗಿ ಮುದುಡಿದ ಹಾವಸೆ ಮೊದಲ ಮಳೆಗೆ ಮತ್ತೆ ಅರಳಿದಾಗ ಆ ಹಿಡಿತ ಹಾಗೆಯೇ ಇರುತ್ತದೆ.

ಧರೆ ಕೆತ್ತಿಸುವ ಮುನ್ನ ಒಮ್ಮೆ ಹತ್ತಿರ ಹೋಗಿ ನೋಡಿ. ಒಬ್ಬರಿಗೆ ಹೆಸರಿಡುವ ಮುನ್ನವೂ ಅಷ್ಟೇ: ಅವರು ಎಲ್ಲಿ ಸೀಳಿದ್ದಾರೆ ಎಂದು ಊರೇ ಹೇಳುತ್ತದೆ, ಯಾರನ್ನು ಹಿಡಿದುಕೊಂಡಿದ್ದಾರೆ ಎಂಬುದನ್ನು ನಾವೇ ಹೋಗಿ ಕಾಣಬೇಕು.