ಕಾಣಿಸದ ಮೀನನ್ನು ಸಾಕುವುದು

ಕಣ್ಣಿಗೆ ಬೀಳಲು ಒಲ್ಲದ ಜೀವವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ನ್ಯಾಯವೇ? ಮುಂಬೈಯಲ್ಲಿ ಇಂಥ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದರೆ ‘ನಿಮಗೆ ಬೇರೆ ಕೆಲಸ ಇಲ್ವಾ ಸ್ವಾಮಿ?’ ಎಂದಾರು. ಆದರೆ ನಮ್ಮ ಮನೆಗೆ ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು ಕೇಳುವುದೇ ‘ಇದರಲ್ಲಿ ಮೀನೆಲ್ಲಿ?’ ಎಂದು. ಮೂರಡಿ ಉದ್ದದ ತೊಟ್ಟಿ, ಉರುಟು ಕಲ್ಲುಗಳು, ಒಂದು ತುದಿಯಿಂದ ಇನ್ನೊಂದು ತುದಿಗೆ ರಭಸದಿಂದ ನುಗ್ಗುವ ನೀರು. ಮೀನುಗಳು ಇವೆ. ಕಲ್ಲಿನಡಿಯಲ್ಲಿವೆ.

ಇವಕ್ಕೆ ಇಂಗ್ಲಿಷಿನವರು ಹಿಲ್‌ಸ್ಟ್ರೀಮ್ ಲೋಚ್ ಎನ್ನುತ್ತಾರೆ. ಬೆಟ್ಟದ ತೊರೆಯ ಮೀನು ಎನ್ನೋಣ. ಬೆರಳುದ್ದ, ಯಾರೋ ಮೇಲಿನಿಂದ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿದಂಥ ಮೈ. ಎದೆಯ ರೆಕ್ಕೆ, ಹೊಟ್ಟೆಯ ರೆಕ್ಕೆ ಎರಡನ್ನೂ ಬೀಸಣಿಗೆಯಂತೆ ಅಗಲಿಸಿ ಬಂಡೆಗೆ ಕಚ್ಚಿಕೊಳ್ಳುತ್ತದೆ. ನಮ್ಮನ್ನು ಕೊಚ್ಚಿಕೊಂಡು ಹೋಗುವ ನೀರು ಅದನ್ನು ಇನ್ನಷ್ಟು ಭದ್ರವಾಗಿ ಕಲ್ಲಿಗೆ ಒತ್ತುತ್ತದೆ. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿಗೆ ಮುಗಿಬೀಳುವ ದೊಡ್ಡ ಮೀನುಗಳನ್ನು ನೀವೆಲ್ಲ ನೋಡಿರುತ್ತೀರಿ. ಇವು ಆ ಜಾತಿಯ ಸಾರ್ವಜನಿಕ ವ್ಯಕ್ತಿಗಳಲ್ಲ.

ಅಂಗಡಿಯವನು ನನಗೆ ಹೇಳಿದ ಹೆಸರು ‘ಹಾಂಗ್‌ಕಾಂಗ್ ಪ್ಲೆಕೊ’. ಪ್ಲೆಕೊ ಎಂದರೆ ದಕ್ಷಿಣ ಅಮೆರಿಕದ ಬೇರೆಯೇ ಮೀನು, ಬೆಚ್ಚಗಿನ ನೀರಿನದು. ಆ ವ್ಯಾಪಾರದ ಹೆಸರು ಸಾಮಾನ್ಯವಾಗಿ ಅಂಟಿಕೊಂಡಿರುವುದು ಚೀನಾದ ಬೋಫೋರ್ಟಿಯಾ ಎಂಬ ಚುಕ್ಕೆಚುಕ್ಕೆಯ ಮೀನಿಗೆ. ನನಗೆ ಸಿಕ್ಕಿದ್ದು ಅದೂ ಅಲ್ಲ. ಮೈತುಂಬ ರಂಗೋಲಿಯ ಎಳೆಯಂತೆ ಬಲೆಗೆರೆ ಇದ್ದ ಇದು ವಿಯೆಟ್ನಾಂ ತೊರೆಗಳ ಸೆವೆಲಿಯಾ ಲೀನಿಯೊಲಾಟಾ. ಎರಡಕ್ಕೂ ಹೊಟ್ಟೆಯ ರೆಕ್ಕೆಗಳು ಕೂಡಿಕೊಂಡು ಒಂದೇ ತಟ್ಟೆಯಂತಾಗಿರುತ್ತವೆ. ನಮ್ಮ ಘಟ್ಟದ ಭವಾನಿಯಾ, ಬಾಲಿಟೋರಾಗಳಲ್ಲಿ ಅವು ಬೇರೆಬೇರೆಯಾಗಿಯೇ ಇರುತ್ತವೆ, ಮೈಯೂ ಉದ್ದ. ಮೀನು ಗಾಜಿಗೆ ಅಂಟಿದಾಗ ಹೊರಗಿನಿಂದ ಹೊಟ್ಟೆ ನೋಡಿದರೆ ಇಷ್ಟು ತಿಳಿಯುತ್ತದೆ.

ಹೆಸರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದರೆ, ಬೇಕು. ಈ ಊರಿನಲ್ಲಿ ಒಂದು ಕಾಲಕ್ಕೆ ವಿಂಧ್ಯದ ಕೆಳಗಿನವರೆಲ್ಲ ‘ಮದ್ರಾಸಿ’ಗಳೇ ಆಗಿದ್ದರು. ಹಾಗೆ ಕರೆಸಿಕೊಂಡು ನಮ್ಮವರಾರೂ ಸಾಯಲಿಲ್ಲ, ಸ್ವಲ್ಪ ಮುಖ ಸಿಂಡರಿಸಿದರು ಅಷ್ಟೆ. ಮೀನು ಸಾಯುತ್ತದೆ. ಪ್ಲೆಕೊ ಎಂದುಕೊಂಡವನು ಅದನ್ನು ನಿಂತ ನೀರಿಗೆ, ಇಪ್ಪತ್ತೆಂಟು ಡಿಗ್ರಿಗೆ ಹಾಕುತ್ತಾನೆ. ಇದಕ್ಕೆ ಬೇಕಾದ್ದು ಇಪ್ಪತ್ತರಿಂದ ಇಪ್ಪತ್ನಾಲ್ಕರ ನೀರು, ಹರಿವು, ತುಂಬ ಆಮ್ಲಜನಕ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: ಇಪ್ಪತ್ತು ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು ಮೂವತ್ತಕ್ಕೆ ಏಳೂವರೆಗೆ ಇಳಿಯುತ್ತದೆ. ಇನ್ನು ‘ಪಾಚಿ ತಿನ್ನೋ ಮೀನು, ಬೇರೆ ಏನೂ ಹಾಕಬೇಡಿ’ ಎಂದು ಮಾರುವುದಂತೂ ಮೆಲ್ಲಗೆ ಉಪವಾಸ ಕೆಡವುವ ದಾರಿ. ಹೊಳೆಯ ಕಲ್ಲು ಮುಟ್ಟಿದರೆ ಜಾರುತ್ತದಲ್ಲ, ಆ ಲೋಳೆ, ಅದರೊಳಗಿನ ಪಾಚಿ, ಸಣ್ಣ ಹುಳ, ಇವು ಅದರ ಊಟ. ಫಳಫಳ ತೊಳೆದ ಹೊಸ ತೊಟ್ಟಿಯಲ್ಲಿ ಅದೊಂದೂ ಇರುವುದಿಲ್ಲ. ನಾನು ಬಕೆಟ್ಟಿನಲ್ಲಿ ಕಲ್ಲು ಹಾಕಿ ಬಿಸಿಲಿನ ಕಿಟಕಿಯಲ್ಲಿಟ್ಟು, ಹಸಿರು ಕಟ್ಟಿದ ಮೇಲೆ ಸರದಿಯಂತೆ ಒಳಗಿಡುತ್ತೇನೆ. ನೋಡುವವರಿಗೆ ಅದು ಹೊಲಸು.

ಮುಂಬೈಯ ಮೇ ತಿಂಗಳಲ್ಲಿ ನಲ್ಲಿ ನೀರೇ ಮೂವತ್ತರ ಹತ್ತಿರ. ನೀರಿನ ಮೇಲೆ ಫ್ಯಾನು ಹಾಕಿದರೆ ಆವಿಯಾಗಿ ತಣಿಯುತ್ತದೆ ಎನ್ನುವುದು ಪುಣೆಯ ಒಣ ಹವೆಗೆ ಸರಿ. ಇಲ್ಲಿನ ತೇವದ ಗಾಳಿಯಲ್ಲಿ ಅದು ಅಷ್ಟಕ್ಕಷ್ಟೆ. ಹೀಗಾಗಿ ತೊಟ್ಟಿ ಎ.ಸಿ. ಇರುವ ಮಲಗುವ ಕೋಣೆ ಸೇರಿದೆ. ‘ಮೀನಿಗೆ ಎ.ಸಿ., ನಮಗೆ ಹಾಲಿನಲ್ಲಿ ಫ್ಯಾನಾ?’ ಎಂದು ಅತ್ತೆಯವರು ಕೇಳಿದ್ದರಲ್ಲಿ ಅನ್ಯಾಯವೇನೂ ಇಲ್ಲ.

ಈಗ ನಾಚಿಕೆಯ ವಿಷಯ. ಬಚ್ಚಿಟ್ಟುಕೊಳ್ಳುವುದರಲ್ಲಿ ಎರಡು ಬಗೆ ಇದೆ. ಒಂದು ಅದರ ಸ್ವಭಾವ: ಕೊಕ್ಕರೆಯ ನೆರಳು ಬಿದ್ದರೆ ಕಲ್ಲಿನಡಿಗೆ ಸರಿಯುವುದು. ಇನ್ನೊಂದು ಭಯ. ಒಂದೇ ಮೀನನ್ನು ಇಟ್ಟರೆ ಅದು ದಿನಗಟ್ಟಲೆ ಹೊರಗೆ ಬರುವುದಿಲ್ಲ. ಐದಾರು ಜೊತೆಗಿದ್ದರೆ ಬರುತ್ತವೆ, ಒಂದರ ಮೇಲೊಂದು ಹತ್ತಿ, ರೆಕ್ಕೆ ಬಿಚ್ಚಿ ಜಗಳವಾಡುತ್ತವೆ, ಯಾರಿಗೂ ಗಾಯವಾಗದ ಜಗಳ. (ಮಾಟುಂಗದ ಸಭೆಗಳಲ್ಲಿ ನಮ್ಮವರು ಜೋರಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.) ಹಾಗಾದರೆ ಸಾಕುವವನ ಕೆಲಸ, ಭಯಕ್ಕೆ ಕಾರಣವಾದದ್ದನ್ನು ತೆಗೆಯುವುದು, ಸ್ವಭಾವವನ್ನು ಮುಟ್ಟದಿರುವುದು. ದೀಪ ಹೆಚ್ಚಿಸಿ, ಅಡಗುವ ಕಲ್ಲುಗಳನ್ನು ಕಿತ್ತು ‘ಈಗ ಚೆನ್ನಾಗಿ ಕಾಣ್ತವೆ ನೋಡಿ’ ಎನ್ನುವವರನ್ನು ಕಂಡಿದ್ದೇನೆ. ಕಾಣುತ್ತವೆ, ನಿಜ. ಆದರೆ ನೋಡುವುದು ನಮ್ಮ ಹಕ್ಕು ಎಂದು ಯಾರು ಬರೆದುಕೊಟ್ಟರು? ಹಣ ಕೊಟ್ಟದ್ದರಿಂದ ಮೀನು ನಮ್ಮದಾಗಿರಬಹುದು, ಅದರ ದರ್ಶನವೂ ಬಿಲ್ಲಿನಲ್ಲಿ ಸೇರಿದೆಯೇ? ನನಗೆ ಹಾಗನ್ನಿಸುವುದಿಲ್ಲ.

ಇಷ್ಟರವರೆಗೆ ನನ್ನ ವಾದ ನೆಟ್ಟಗೆ ನಡೆಯುತ್ತಿತ್ತು. ಎಡವಿಸಿದವರು ಊರಿನ ಭಾವ. ಫೋನಿನಲ್ಲಿ ಎಲ್ಲ ಕೇಳಿ, ‘ಅಲ್ಲ ಮಾರಾಯ, ಇಂಥವು ನಮ್ಮ ಹೊಳೇಲಿ ಬೇಕಾದಷ್ಟಿದಾವೆ. ಒಂದು ಕ್ಯಾನಿಗೆ ಹಾಕಿ ಬಸ್ಸಿಗೆ ಕೊಡ್ತೀನಿ’ ಎಂದರು.

‘ಬೇಡಿ ಭಾವ. ಹೊಳೆಯಲ್ಲಿರೋದು ಹೊಳೆಯಲ್ಲೇ ಇರಲಿ.’

‘ಹಂಗಾರೆ ವಿಯೆಟ್ನಾಮಿನೋರ ಹೊಳೇದು ಆಗ್ತದೆ, ನಮ್ಮದು ಆಗಲ್ಲ. ಇದ್ಯಾವ ನ್ಯಾಯನಪ್ಪ ನಿಂದು?’

ಈ ಮಾತಿಗೆ ಉತ್ತರ ಹುಡುಕುತ್ತ ಬಹಳ ದಿನ ಕಳೆದೆ. ನಮ್ಮ ಘಟ್ಟದ ಮೀನುಗಳಲ್ಲಿ ಕೆಲವಕ್ಕೆ ತೀರ ಚಿಕ್ಕ ನೆಲೆ. ಬಾಲಿಟೋರಾ ಮೈಸೂರೆನ್ಸಿಸ್ ಎಂಬುದನ್ನು ಸುಂದರಲಾಲ್ ಹೋರಾ 1941ರಲ್ಲಿ ಹೆಸರಿಸಿದ್ದು ಶಿವನಸಮುದ್ರದ ಕಾವೇರಿಯ ಮೀನಿನಿಂದ. 2016ರಷ್ಟು ಈಚೆಗೆ ಕಾಳಿ ನದಿಯಿಂದ ಇನ್ನೊಂದು ಹೊಸತು ಬಂತು, ಬಾಲಿಟೋರಾ ಚಿಪ್ಕಲಿ. ಹಿಂದಿಯಲ್ಲಿ ಚಿಪ್ಕಲಿ ಎಂದರೆ ಹಲ್ಲಿ. ಅಂದರೆ ನಮ್ಮ ಹೊಳೆಯಲ್ಲಿ ಯಾವ್ಯಾವುದಿದೆ ಎಂಬ ಪಟ್ಟಿಯೇ ಮುಗಿದಿಲ್ಲ. ಭಾವನ ಕ್ಯಾನಿನಲ್ಲಿ ಬರುವುದು ಸಾಮಾನ್ಯದ್ದೋ, ಒಂದೇ ತೊರೆಯಲ್ಲಿ ಉಳಿದಿರುವಂಥದ್ದೋ ಹೇಳುವುದು ಹೇಗೆ? ಇದು ಒಳ್ಳೆಯ ವಾದ. ಆದರೆ ಇದೇ ವಾದ ವಿಯೆಟ್ನಾಮಿನ ತೊರೆಗೂ ಸಲ್ಲುತ್ತದೆ. ದೂರದ ಹೊಳೆ ಬರಿದಾದರೆ ನನಗೆ ಕಾಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಭಾವನ ಮಾತು ಚುಚ್ಚಿದ್ದು ಅಲ್ಲಿ.

ಈ ಹೋರಾ ಅವರೇ 1940ರ ದಶಕದಲ್ಲಿ ಒಂದು ವಾದ ಹೂಡಿದ್ದರು. ಘಟ್ಟದ ಈ ಮೀನುಗಳ ನಂಟರು ಅಸ್ಸಾಂ, ಮಲಯ ಕಡೆ ಇದ್ದಾರಲ್ಲ, ಹೇಗೆ? ಹಿಂದೆ ಸಾತಪುರ ಬೆಟ್ಟಗಳ ಸಾಲು ಸೇತುವೆಯಂತಿದ್ದು ಅವು ತೊರೆಯಿಂದ ತೊರೆಗೆ ಸರಿಯುತ್ತ ದಕ್ಷಿಣಕ್ಕೆ ಬಂದವು ಎಂದರು. ಮುಂದೆ ಅನೇಕ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಆದರೂ ನನಗೆ ಆ ವಾದದ ಮೇಲೆ ಒಂದು ಮೋಹ. ಹೊಳೆಯ ಕಲ್ಲಿಗೆ ಕಚ್ಚಿಕೊಂಡ ಮೀನೇ ವಲಸೆ ಬಂದದ್ದಾದರೆ ‘ಮೂಲ ಊರು’ ಎನ್ನುವ ಮಾತಿನ ಗತ್ತು ಸ್ವಲ್ಪ ಇಳಿಯುತ್ತದೆ. ಆದರೆ ಸಾವಿರಾರು ತಲೆಮಾರು ತೆವಳಿ ಬರುವುದಕ್ಕೂ ಪ್ಲಾಸ್ಟಿಕ್ ಚೀಲದಲ್ಲಿ ವಿಮಾನ ಹತ್ತುವುದಕ್ಕೂ ಅಂತರವಿದೆ. ಚೀಲದಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ನಾನು ಮುಟ್ಟಿದ ನಿರ್ಧಾರ ಇಷ್ಟು: ಹೊಳೆಯಿಂದ ಹಿಡಿದದ್ದು ಇನ್ನು ಬೇಡ, ಯಾವ ದೇಶದ್ದೂ ಬೇಡ. ಇರುವುದನ್ನು ಸರಿಯಾಗಿ ನೋಡಿಕೊಳ್ಳುವುದು. ಭಾವ ಅದನ್ನೂ ಬಿಡಲಿಲ್ಲ. ‘ಅಷ್ಟು ಕನಿಕರ ಇದ್ರೆ ಇಲ್ಲಿ ತಂದು ಬಿಟ್ಟುಬಿಡು’ ಎಂದರು. ಅದೊಂದನ್ನು ಮಾತ್ರ ಮಾಡಕೂಡದು. ಹೀಗೆ ಕನಿಕರದಿಂದಲೋ ಬೇಸರದಿಂದಲೋ ಬಿಟ್ಟ ಪ್ಲೆಕೊ ಜಾತಿಯ ಮೀನುಗಳು ಕೇರಳ, ಆಂಧ್ರದ ನೀರುಗಳಲ್ಲಿ ಬೆಳೆದು ಊರ ಮೀನುಗಾರರ ಬಲೆ ಹರಿಯುತ್ತಿವೆ.

ಕಳೆದ ಚಳಿಗಾಲದಲ್ಲಿ ಫಿಲ್ಟರಿನ ಸ್ಪಂಜು ಹಿಂಡಲು ಹೋದಾಗ ಅದರ ಮೇಲೆ ಅಕ್ಕಿಕಾಳಿನಷ್ಟು ಏನೋ ಸರಿದಾಡಿತು. ಮರಿ. ಎಣಿಸಿದರೆ ಒಂಬತ್ತು. ವಿಯೆಟ್ನಾಮಿನ ತೊರೆ ಕಾಣದ, ಮುಂಬೈಯ ನಲ್ಲಿ ನೀರಲ್ಲದೆ ಬೇರೆ ಗೊತ್ತಿಲ್ಲದ ಜೀವಗಳು. ಇಲ್ಲೇ ಹುಟ್ಟಿದ ನನ್ನ ಮಗಳು ‘ಇವು ಯಾವ ಊರಿನವು ಅಪ್ಪಾ?’ ಎಂದು ಮರಾಠಿ ಬೆರೆಸಿ ಕೇಳಿದಳು. ಡೊಂಬಿವಲಿಯವು ಎಂದೆ. ಅವಳಿಗೆ ಸರಿಯೆನಿಸಿತು.

ಈಗ ಅವು ಎರಡಂಗುಲಕ್ಕೆ ಬೆಳೆದಿವೆ, ತೊಟ್ಟಿ ಇಕ್ಕಟ್ಟು. ಠಾಣೆಯ ಪರಿಚಯದವರೊಬ್ಬರು ನಾಲ್ಕು ಮರಿ ಕೇಳಿದ್ದಾರೆ. ಮೇ ತಿಂಗಳಲ್ಲಿ ನಿಮ್ಮ ತೊಟ್ಟಿಯ ನೀರು ಎಷ್ಟು ಡಿಗ್ರಿ, ಕರೆಂಟು ಹೋದರೆ ಪಂಪಿಗೆ ಏನು ವ್ಯವಸ್ಥೆ, ಮೀನು ಕಾಣಿಸದಿದ್ದರೆ ಬೇಸರವಿಲ್ಲವೇ ಎಂದು ಕೇಳಿದೆ. ಮೊದಲೆರಡಕ್ಕೆ ಕೂಡಲೇ ಉತ್ತರ ಬಂತು. ಮೂರನೆಯದಕ್ಕೆ ಅವರು ಸ್ವಲ್ಪ ಸಮಯ ಕೇಳಿದ್ದಾರೆ.