ಹಾಸಿಗೆ ಯಾವುದು, ಮೊದಲು ನೋಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು. ಈ ಗಾದೆ ಇತ್ತೀಚೆಗೆ ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿದೆ. ಕಾರಣ, ನನ್ನ ಭಾವಮೈದುನ ಮನಸ್ಸಿಟ್ಟಿರುವ ಒಂದು ಸ್ಪೋರ್ಟ್ಸ್ ಟೂರರ್ ಬೈಕು. ಕವಾಸಾಕಿಯ ನಿಂಜಾ 1100ಎಸ್ಎಕ್ಸ್: 1099 ಸಿಸಿ, ನಾಲ್ಕು ಸಿಲಿಂಡರ್, 136 ಪಿಎಸ್. 2024ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದಾಗ ಎಕ್ಸ್‌ಶೋರೂಮ್ ಬೆಲೆಯೇ 13.49 ಲಕ್ಷ ರೂಪಾಯಿ. ಬೆಲೆ ಕೇಳಿದ್ದೇ ತಡ, ಅತ್ತೆಯವರು ಗಾದೆ ಒಗೆದರು. ಮಗ ಬಿಡಲಿಲ್ಲ: “ಇಎಂಐ ಕಟ್ಟೋಷ್ಟು ಸಂಬಳ ಬರ್ತಿದೆಯಲ್ಲಮ್ಮ, ಹಾಸಿಗೆ ಸಾಕು. ಭಾವ, ನೀವಾದ್ರೂ ಹೇಳಿ.”

ನಾನು ಹೇಳುವುದಿಷ್ಟೇ. ಅಮ್ಮ, ಮಗ ಇಬ್ಬರೂ ಗಾದೆಯನ್ನು ದುಡ್ಡಿನ ಲೆಕ್ಕಕ್ಕೆ ಇಳಿಸಿದ್ದಾರೆ. ಹಿಂದೆ ಎಲ್ಲ ಕೊರತೆಯೂ ದುಡ್ಡಿನ ಕೊರತೆಯೇ ಆಗಿದ್ದರಿಂದ ಆ ಅರ್ಥ ನಿಂತುಬಿಟ್ಟಿತು. ಈಗ ಸಾಲ ಬೇಕೇ ಎಂದು ಬ್ಯಾಂಕಿನವರೇ ಊಟದ ಹೊತ್ತಿಗೆ ಫೋನ್ ಮಾಡುತ್ತಾರೆ; ಆ ಅರ್ಥದಲ್ಲಿ ಯಾರ ಹಾಸಿಗೆಯೂ ಚಿಕ್ಕದಲ್ಲ. ಇನ್ನು, ಹಾಸಿಗೆಯನ್ನೇ ದೊಡ್ಡದು ಮಾಡಿಕೊಳ್ಳಿ ಎನ್ನುವ ವ್ಯಕ್ತಿತ್ವ ವಿಕಸನದ ಭಾಷಣಕಾರರು. ಅವರಿಗೆ ಗಾದೆಗಳ ತಂಟೆಯೇ ಬೇಡ.

ನನ್ನ ಪ್ರಕಾರ ಇಲ್ಲಿ ಹಾಸಿಗೆ ಎಂದರೆ ರಸ್ತೆ, ರಜೆ. ಗಾಡಿ ಎಷ್ಟು ಓಡಬಲ್ಲದು ಎಂಬುದು ಕಾಲಿನ ಉದ್ದ. ಅದನ್ನು ಓಡಿಸಲು ನಿಮಗೆ ಸಿಗುವ ಜಾಗ ಮತ್ತು ದಿನ ಎಷ್ಟು ಎಂಬುದು ಹಾಸಿಗೆ. ಸ್ಪೋರ್ಟ್ಸ್ ಟೂರರ್ ಇರುವುದೇ ದಿನವಿಡೀ ದೂರ ದೂರ, ಜೋರಾಗಿ, ಬೆನ್ನು ನೋಯದಂತೆ ಹೋಗುವುದಕ್ಕೆ. ಆದರೆ ಚತುಷ್ಪಥ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಕೇಂದ್ರ ಗೊತ್ತುಮಾಡಿರುವ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಈ ಗಾಡಿ ಮೊದಲ ಗೇರಿನಲ್ಲೇ ಅದನ್ನು ದಾಟುತ್ತದೆ. ಉಳಿದ ಐದು ಗೇರು ಯಾರಿಗೆ? ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ 238 ಕೆ.ಜಿ. ಭಾರವನ್ನು ತುದಿಗಾಲಲ್ಲಿ ತಡೆದುಕೊಂಡು ನಿಂತಾಗ ರೇಡಿಯೇಟರ್ ಫ್ಯಾನ್ ಶುರುವಾಗುತ್ತದೆ, ಬಿಸಿಗಾಳಿ ಮೊಣಕಾಲಿಗೆ ಹೊಡೆಯುತ್ತದೆ, ಪಕ್ಕದ ಆಟೊದವರು “ಎಷ್ಟು ಮೈಲೇಜ್ ಕೊಡುತ್ತೆ ಸಾರ್?” ಎನ್ನುತ್ತಾರೆ. ಊರು ದಾಟಿದರೆ ಹಂಪುಗಳು. ಯಾವ ಬೋರ್ಡೂ ಇಲ್ಲದೆ, ಬಿಳಿ ಪಟ್ಟೆಯೂ ಇಲ್ಲದೆ, ಊರವರೇ ಹಾಕಿಕೊಂಡ ಹಂಪುಗಳು. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಅವುಗಳ ಮೇಲೆ ಹತ್ತಿಸಿದರೆ ಗಾಡಿಯ ಹೊಟ್ಟೆ ತಾಗುವ ಸದ್ದಿಗೆ ಎದೆ ಧಸಕ್ಕೆನ್ನುತ್ತದೆ.

ನಮ್ಮ ಚಿಕ್ಕಪ್ಪನವರದ್ದು ಬೇರೆ ವಾದ: ಮೈಸೂರಿನ ಐಡಿಯಲ್ ಜಾವಾದವರ ಯೆಜ್ಡಿಯಲ್ಲೇ ನಾವು ಧರ್ಮಸ್ಥಳ ನೋಡಿ ಬರಲಿಲ್ಲವೇ? ಬಂದಿರಿ, ಚಾರ್ಮಾಡಿ ಹತ್ತುವಾಗ ನಿಲ್ಲಿಸಿ ಎಂಜಿನ್ ಆರಿಸಿಕೊಂಡು ಬಂದಿರಿ. ಬೇರೆ ಗಾಡಿ ಸಿಗುತ್ತಿರಲಿಲ್ಲ, ಅದಕ್ಕೆ ಬಂದಿರಿ. ಅದನ್ನು ಸರಳ ಜೀವನ ಎನ್ನಬೇಡಿ.

ಆದರೆ ಹಾಸಿಗೆ ಇಷ್ಟು ಗಿಡ್ಡವಾದದ್ದು ಹೇಗೆ ಎಂದು ಗಾದೆ ಹೇಳುವವರು ಕೇಳುವುದೇ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕುಗಳ ಪ್ರವೇಶ ಬಂದ್. ಆಟೊ, ಟ್ರ್ಯಾಕ್ಟರ್, ಮೋಟಾರಿಲ್ಲದ ಗಾಡಿಗಳ ಜೊತೆಗೇ ಎಲ್ಲ ಬೈಕುಗಳೂ ಸರ್ವಿಸ್ ರಸ್ತೆಗೆ. ಸುರಕ್ಷತೆಗಾಗಿ ಎಂದರು. ಮೂವರನ್ನು ಹೊತ್ತ 100 ಸಿಸಿ ಬೈಕು ವೇಗವಾಗಿ ಬರುವ ಕಾರುಗಳ ಮಧ್ಯೆ ಸಿಕ್ಕಿಕೊಳ್ಳಬಾರದು, ಒಪ್ಪಿದೆ. ಎಬಿಎಸ್ ಇರುವ 1099 ಸಿಸಿ ಗಾಡಿಗೂ ಅದೇ ನಿಯಮವೇ? ಜಪಾನಿನ ಎಕ್ಸ್‌ಪ್ರೆಸ್‌ವೇಗಳಲ್ಲಿ 125 ಸಿಸಿ ಮೀರಿದ ಬೈಕುಗಳಿಗೆ ಪ್ರವೇಶವಿದೆ. ಅಂಥದ್ದೊಂದು ಗೆರೆ ಎಳೆಯುವುದು ನಮಗೇನು ಕಷ್ಟ? ತೆರಿಗೆ ಹಾಕುವಾಗ ಮಾತ್ರ ಸಿಸಿಯ ಗೆರೆ ಚೆನ್ನಾಗಿ ಕಾಣುತ್ತದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಶೇ 40 ಜಿಎಸ್‌ಟಿ, ಅದಕ್ಕಿಂತ ಚಿಕ್ಕದಕ್ಕೆ ಶೇ 18. ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಶೇ 18. ಕಾಲಿನ ಉದ್ದಕ್ಕೆ ತೆರಿಗೆ ವಸೂಲಿ ಮಾಡಿ, ಹಾಸಿಗೆ ಮಡಿಚಿಟ್ಟುಕೊಳ್ಳುವವರಿಗೆ ಯಾವ ಗಾದೆ ಹೇಳೋಣ?

ಹಾಗಾದರೆ ಭಾವಮೈದುನ ಕೊಳ್ಳಬೇಕೇ? ರಸ್ತೆಯೇ ಇಲ್ಲವೆಂದಲ್ಲ. ನೆಲಮಂಗಲದಿಂದ ಹಾಸನದವರೆಗೆ ಒಳ್ಳೆಯ ರಸ್ತೆಯಿದೆ, ಬೈಕಿಗೆ ಟೋಲೂ ಇಲ್ಲ. ನಸುಕಿನಲ್ಲಿ ಬಿಟ್ಟರೆ ಸಕಲೇಶಪುರದಲ್ಲಿ ಬಿಸಿ ಬಿಸಿ ಅಕ್ಕಿ ರೊಟ್ಟಿ. ಪ್ರಶ್ನೆ, ಅಂಥ ಬೆಳಗು ಅವನ ವರ್ಷದಲ್ಲಿ ಎಷ್ಟಿವೆ ಎಂಬುದು. ಅವನ ಕಚೇರಿಯ ಶನಿವಾರಗಳು ನನಗೆ ಗೊತ್ತು. ಲ್ಯಾಪ್‌ಟಾಪ್ ಮುಚ್ಚುವುದರೊಳಗೆ ಸಂಜೆಯಾಗಿರುತ್ತದೆ. ಈ ವರ್ಷ ಇಂಥದ್ದೇ ಒಂದು ದೊಡ್ಡ ಬೈಕನ್ನು ಬಾಡಿಗೆಗೆ ತೆಗೆದುಕೊಂಡು ಓಡಿಸಲಿ, ಭಾನುವಾರ ಸಂಜೆಯ ನೆಲಮಂಗಲ ಟ್ರಾಫಿಕ್ಕೂ ಸೇರಿ. ರಜೆ ಸಿಕ್ಕಾಗಲೆಲ್ಲ ಅವನು ಬಾಡಿಗೆ ಗಾಡಿಯವರ ಬಾಗಿಲಿಗೆ ಹೋಗಿದ್ದರೆ ಮುಂದಿನ ವರ್ಷ ಬುಕ್ ಮಾಡಲಿ. ಆಗ ಪ್ಯಾನಿಯರ್ ಪೆಟ್ಟಿಗೆಗಳು ಬೆಲೆಯಲ್ಲಿ ಸೇರಿವೆಯೇ, ಬೇರೆ ದುಡ್ಡೇ ಎಂದು ಮುಂಗಡ ಕೊಡುವ ಮುಂಚೆಯೇ ಕೇಳಿಕೊಳ್ಳಲಿ.